ಚಾಕುವಿನ ಪೊಟ್ಟಣ ಬಿಚ್ಚಲು ಇನ್ನೊಂದು ಚಾಕು

ನನಗೆ ಕೋಪ ಬರುವುದು ಬಹಳ ಕಡಿಮೆ ಅಂತ ನಾನು ಎಲ್ಲರ ಹತ್ತಿರವೂ ಹೇಳಿಕೊಳ್ಳುತ್ತೇನೆ. ಹಾಗೆ ಹೇಳುವಾಗ ನನ್ನ ಹೆಂಡತಿ ಅಲ್ಲೇ ಇದ್ದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಎದ್ದು ಹೋಗುತ್ತಾಳೆ. ಹೋಗಲಿ. ಆದರೆ ಈ ಒಂದು ವಿಷಯದಲ್ಲಿ ನನ್ನ ಕೋಪ ನ್ಯಾಯವಾದದ್ದು, ನೀವೂ ಒಪ್ಪಿಕೊಳ್ಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ಸುತ್ತಿದರೂ ನೆಟ್ಟಗಿರುವ ಒಂದೇ ಒಂದು ಮಡಚುವ ಚಾಕು ಅಂಗಡಿಯಲ್ಲಿ ಸಿಗುವುದಿಲ್ಲ.

ನಾನು ಕೇಳುತ್ತಿರುವುದು ಏನು ಮಹಾ? ಜೇಬಿನಲ್ಲಿ ಹಿಡಿಸಬೇಕು. ಬಿಚ್ಚಿದರೆ ಬಿಚ್ಚಿಕೊಂಡಿರಬೇಕು, ಮಡಚಿದರೆ ಮಡಚಿಕೊಂಡಿರಬೇಕು, ಕೊಯ್ದರೆ ಕೊಯ್ಯಬೇಕು. ಮನುಷ್ಯರಿಂದ ಇಷ್ಟೆಲ್ಲ ನಿರೀಕ್ಷಿಸಬಾರದು, ಗೊತ್ತು. ಒಂದು ಚಾಕುವಿನಿಂದಲೂ ನಿರೀಕ್ಷಿಸಬಾರದೇನ್ರೀ?

ಹುಣಸೂರಿನಿಂದ ಕೋಟೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ಮಾವು, ಸಪೋಟ, ಸೀಬೆ ಗಿಡಗಳಿಗೆ ಕಸಿ ಕಟ್ಟಿ ಮಾರುವುದು ನನ್ನ ಕಸುಬು. ಮೂವತ್ತು ವರ್ಷ ಒಂದೇ ಚಾಕುವಿನಲ್ಲಿ ಕಟ್ಟಿದೆ. ಅದನ್ನು ಮಾಡಿಕೊಟ್ಟವರು ಅಂತರಸಂತೆ ಕಡೆಯ ತಿಮ್ಮಾಚಾರ್ರು ಅಂತ ಒಬ್ಬ ಕಮ್ಮಾರರು. ಲಾರಿಯ ಕಮಾನುಪಟ್ಟಿಯ ತುಂಡನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಅಲಗು ಮಾಡುತ್ತಿದ್ದರು. ಎಮ್ಮೆ ಕೊಂಬಿನ ಹಿಡಿ. ಅಲಗಿನ ಬುಡದಲ್ಲಿ ಸಾಲಾಗಿ ಮೂರು ಚುಕ್ಕಿ, ಅದು ಅವರ ಗುರುತು.

ಅವರ ಚಾಕು ಕೊಳ್ಳಲು ಹೋದವರಿಗೆ ಮೊದಲು ಸಿಗುತ್ತಿದ್ದದ್ದು ಬೇಜಾರು. ಯಾಕೆಂದರೆ ಆಚಾರ್ರು ಹೊಸ ಚಾಕು ಕೊಡುತ್ತಲೇ ಇರಲಿಲ್ಲ. ಮಾಡಿದ ಪ್ರತಿ ಚಾಕುವನ್ನೂ ಒಂದು ತಿಂಗಳು ತಮ್ಮ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಅದರಲ್ಲೇ ಅಡಿಕೆ ಹೋಳು ಮಾಡುವುದು, ಅದರಲ್ಲೇ ಹಗ್ಗ ಕೊಯ್ಯುವುದು, ಅದರಲ್ಲೇ ಎಮ್ಮೆಯ ಗೊರಸು ಕೆತ್ತುವುದು. ತಿಂಗಳಾದ ಮೇಲೆ ಅದು ಅವರ ಮನಸ್ಸಿಗೆ ಬಂದರೆ ಸಾಣೆ ಹಿಡಿದು ನಮಗೆ. ಬರಲಿಲ್ಲವೋ, ವಾಪಸ್ ಕುಲುಮೆಗೆ. ನಾನು ಮೊದಲ ಸಲ ಹೋದಾಗ, ಪ್ರಾಯದ ಬಿಸಿ ನೋಡಿ, ಕೇಳಿಯೇಬಿಟ್ಟೆ, ‘ಏನ್ ಆಚಾರ್ರೇ, ಹಳೇ ಚಾಕು ಕೊಡ್ತಿದ್ದೀರಲ್ಲ?’ ಅಂತ. ಅವರು ತಲೆ ಎತ್ತದೆ ಅಂದರು, ‘ಒಸಾದು ಬೇಕಾದ್ರೆ ಪ್ಯಾಟೆಗ್ ಓಗು. ಅಲ್ಲಿ ಒಸಾವು ಬೇಕಾದಂಗವೆ.’

ಅವರ ಮಾತು ನಿಜವಾಗಿತ್ತು ಅಂತ ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು. ಈಗ ಆಚಾರ್ರು ಇಲ್ಲ. ಕುಲುಮೆ ಇದ್ದ ಜಾಗದಲ್ಲಿ ಅವರ ಮಗ ಗೇಟು, ಕಿಟಕಿಗೆ ವೆಲ್ಡಿಂಗ್ ಮಾಡುತ್ತಾನೆ. ನನ್ನ ಚಾಕುವಾದರೂ ಇತ್ತಲ್ಲ ಅಂತೀರಾ? ಅದನ್ನೂ ಕಳೆದುಕೊಂಡೆ. ಹೋದ ವರ್ಷ ಮುಂಗಾರಿಗೆ ಮುಂಚೆ, ಹೆಂಡತಿಯ ಬಲವಂತಕ್ಕೆ ಮೈಸೂರಿನ ಒಂದು ದೊಡ್ಡ ಮಳಿಗೆಗೆ ಹೋಗಿದ್ದೆ. ಬಾಗಿಲಲ್ಲಿ ನನ್ನ ಮೈ ತಡವಿದವನು ಚಾಕು ಸಿಕ್ಕಿದ ಕೂಡಲೇ ಎರಡು ಹೆಜ್ಜೆ ಹಿಂದೆ ಹಾರಿದ. ನಮ್ಮ ಕಡೆ ಜೇಬಿನಲ್ಲಿ ಚಾಕು ಇಲ್ಲದ ರೈತ ಉಂಟೇನ್ರೀ? ಅದನ್ನೊಂದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿಸಿಕೊಂಡ. ನಾವು ಬರುವಾಗ ಬೇರೆ ಬಾಗಿಲಿನಿಂದ ಬಂದೆವು. ನೆನಪಾಗಿ ಮಾರನೆಯ ದಿನ ಓಡಿದರೆ ಬುಟ್ಟಿ ಇತ್ತು, ಚಾಕು ಇರಲಿಲ್ಲ. ‘ಯಾವ ಚಾಕು ಸರ್?’ ಅಂತ ನನ್ನನ್ನೇ ಕೇಳಿದರು. ಮೈಯೆಲ್ಲ ಉರಿದುಹೋಯಿತು.

ಇದಾಗಿ ವಾರವಿಲ್ಲ, ಅಕ್ಕನ ಫೋನು ಬಂತು. ನನ್ನ ಅಕ್ಕನನ್ನು ಕೊಟ್ಟಿರುವುದು ಬೆಟ್ಟದಪುರದ ಪಕ್ಕದ ಹಳ್ಳಿಗೆ. ಅವಳ ಹೊಲದ ಬದುವಿನಲ್ಲಿ ಒಂದು ಹಳೆಯ ಮಾವಿನ ಮರ. ಹಣ್ಣು ಮುಷ್ಟಿಗಿಂತ ಸಣ್ಣದು, ನೋಡಲು ಏನೇನೂ ಚೆಂದವಿಲ್ಲ, ಆದರೆ ಒಮ್ಮೆ ತಿಂದವರು ಬೇರೆ ಹಣ್ಣನ್ನು ಹೊಗಳುವುದಿಲ್ಲ. ಮನೆಯಲ್ಲಿ ಅದಕ್ಕೆ ಬೆಲ್ಲದ ಮರ ಅಂತಲೇ ಹೆಸರು. ಮಾವಿನ ವಾಟೆ ನೆಟ್ಟರೆ ಅದೇ ಹಣ್ಣು ಬರುತ್ತದೆ ಅಂತ ಹೇಳುವ ಹಾಗಿಲ್ಲ. ಕಡ್ಡಿ ತಂದು ಕಸಿ ಕಟ್ಟಿದರೆ ಮಾತ್ರ ಅದೇ ಮರ. ಇದು ನನಗೆ ಗೊತ್ತಿತ್ತು. ‘ನೀನೇ ಕಸಿ ಕಟ್ಟೋನು, ನನ್ ಮರಕ್ಕೊಂದ್ ಮರಿ ಮಾಡ್ಕೊಡು’ ಅಂತ ಅಕ್ಕ ವರ್ಷಾ ವರ್ಷಾ ಕೇಳುತ್ತಿದ್ದಳು. ‘ಮುಂದಿನ ವರ್ಷ ಮಾಡಾನ ಬುಡಕ್ಕ’ ಅಂತ ನಾನು ಹಣ್ಣು ತಿಂದು ಕೈ ತೊಳೆದುಕೊಂಡು ಬರುತ್ತಿದ್ದೆ.

‘ಬೆಲ್ಲದ್ ಮರ ಬಿದ್ದೋಯ್ತು ಕಣೋ’ ಅಂದಳು ಅಕ್ಕ. ‘ನೆನ್ನೆ ಗಾಳೀಲಿ ಬುಡ ಸಮೇತ ಎದ್ದೋಗದೆ. ಎಲೆ ಇನ್ನೂ ಅಸುರಾಗೇ ಅವೆ. ಮುಂದಿನ್ ವರ್ಸ ಮುಂದಿನ್ ವರ್ಸ ಅಂದ್ಯಲ್ಲ, ಈಗ್ಲಾದ್ರೂ ಬಾ.’ ಆಮೇಲೆ ಅವಳು ಅಳುವುದು ಕೇಳಿಸಿತು. ಅತ್ತೆ, ಮಾವ ಸತ್ತಾಗಲೂ ಎದೆ ಗಟ್ಟಿ ಮಾಡಿಕೊಂಡು ಎಲ್ಲರಿಗೂ ಬಡಿಸಿದ ಹೆಂಗಸು ಅವಳು.

ಫೋನು ಬಂದಾಗ ನಾನು ಗಿಡ ಇಳಿಸಲು ಕೆ.ಆರ್. ನಗರಕ್ಕೆ ಹೋಗಿದ್ದೆ. ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರದ ಫ್ಯಾನ್ಸಿ ಅಂಗಡಿಗೆ ನುಗ್ಗಿ ಚಾಕು ಕೇಳಿದೆ. ಫಳಫಳ ಹೊಳೆಯುವ ಒಂದು ಚಾಕು ಕೊಟ್ಟರು. ಅದರಲ್ಲಿ ಬಾಟಲಿ ತೆಗೆಯುವ ಕೊಕ್ಕೆ ಇತ್ತು, ಹಿಡಿಯ ತುದಿಯಲ್ಲಿ ಪುಟ್ಟ ಟಾರ್ಚಿತ್ತು, ಕಿವಿ ಕೆರೆದುಕೊಳ್ಳುವಂಥದ್ದೂ ಏನೋ ಇತ್ತು. ಕೊಯ್ಯುವ ಗುಣ ಒಂದು ಬಿಟ್ಟು ಎಲ್ಲವೂ ಇತ್ತು. ಅವಸರದಲ್ಲಿ ನಾನು ನೋಡಲಿಲ್ಲ.

ಚಾಕು ನೋಡುವುದು ನನಗೆ ಬರುವುದಿಲ್ಲ ಅಂತಲ್ಲ. ಆಚಾರ್ರು ಕಲಿಸಿದ್ದರು. ಬಿಚ್ಚುವಾಗ ಟಕ್ಕಂತ ಒಂದು ಸದ್ದು ಬರಬೇಕು, ಎರಡು ಬಂದರೆ ಅಲಗನ್ನು ಒತ್ತಿ ಹಿಡಿಯುವ ಒಳಗಿನ ಪಟ್ಟಿ ಸಡಿಲ. ಬಿಚ್ಚಿ ಅಲಗಿನ ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಬೇಕು, ಕೂದಲೆಳೆಯಷ್ಟೂ ಅಲುಗಬಾರದು. ಮಡಚಿ ಬೆಳಕಿಗೆ ಹಿಡಿದರೆ ಅಲಗು ಹಿಡಿಯ ನಡುವಿಗೆ ಕೂತಿರಬೇಕು, ಒಂದು ಕಡೆಗೆ ಒರಗಿರಬಾರದು. ಕೊನೆಗೆ ಅಲಗಿನ ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಇಡಬೇಕು. ಉಗುರನ್ನು ಕಚ್ಚಿ ನಿಂತರೆ ಚಾಕು, ಜಾರಿದರೆ ಚಮಚ. ‘ಒಳಪು ಮಾತ್ರ ನೋಡ್ಬ್ಯಾಡ ಕಣ್ಲಾ, ಒಳಪು ಪಾತ್ರೆಗೂ ಅದೆ’ ಅನ್ನುತ್ತಿದ್ದರು.

ಇಷ್ಟು ಗೊತ್ತಿದ್ದೂ ನಾನು ಹೊಳಪು ನೋಡಿ ತಂದೆ. ನಾನೊಬ್ಬನೇ ಅಲ್ಲ, ನಮ್ಮ ಕಡೆಯವರ ಗುಣವೇ ಇದು. ಹೊಗೆಸೊಪ್ಪು ಬೆಳೆಯುವ ನಮ್ಮ ಜನ ಹರಾಜು ಕಟ್ಟೆಯಲ್ಲಿ ನಿಂತಿರುವುದನ್ನು ನೀವು ನೋಡಬೇಕು. ಕೊಳ್ಳುವವನು ಸೊಪ್ಪಿನ ಮೂಟೆಯಿಂದ ಒಂದು ಎಲೆ ಎಳೆದು, ಮೂಸಿ, ಹಿಸುಕಿ, ‘ಕಪ್ಪು ಜಾಸ್ತಿ’ ಅಂದರೆ ಮುಗಿಯಿತು, ಇಡೀ ವರ್ಷದ ಬೆವರಿಗೆ ಕೆಳಗಿನ ಗ್ರೇಡು. ಅಲ್ಲಿ ಅಷ್ಟು ಸೂಕ್ಷ್ಮವಾಗಿ ತೂಗಿಸಿಕೊಂಡು ಬಂದವನು ಅದೇ ಸಂಜೆ ಪೇಟೆಯಲ್ಲಿ ಚಾಕುವನ್ನೋ ಟಾರ್ಚನ್ನೋ ಕೊಳ್ಳುವಾಗ ಒಂದು ಸಲ ತಿರುಗಿಸಿಯೂ ನೋಡುವುದಿಲ್ಲ. ನೋಡಿಸಿಕೊಂಡು ನೋಡಿಸಿಕೊಂಡು ನಮಗೆ ನೋಡುವುದೇ ಮರೆತುಹೋಗಿದೆಯೋ ಏನೋ.

ಅಕ್ಕನ ಹೊಲದಲ್ಲಿ ಮರ ಮಲಗಿತ್ತು. ಅರ್ಧ ಬೇರು ಮಣ್ಣಿನಲ್ಲಿ, ಅರ್ಧ ಆಕಾಶದಲ್ಲಿ. ಅಕ್ಕ ಒಂದು ಕೊಂಬೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ನಾನು ಹೊಸ ಚಾಕು ತೆಗೆದು ಪರೀಕ್ಷೆಗೆ ಒಂದು ಕಡ್ಡಿ ಕೊಯ್ದೆ. ಕಸಿಗೆ ಕಡ್ಡಿಯ ತುದಿಯನ್ನು ಎರಡೂ ಕಡೆ ಓರೆಯಾಗಿ ಕೆತ್ತಿ ಬೆಣೆಯ ಹಾಗೆ ಮಾಡಬೇಕು. ಒಂದೊಂದು ಕಡೆಗೆ ಒಂದೇ ಏಟು, ಕನ್ನಡಿಯ ಹಾಗೆ ನುಣುಪು ಬರಬೇಕು. ಅದು ವಾಟೆಯಿಂದ ಬೆಳೆಸಿದ ಸಸಿಯ ಸೀಳಿನೊಳಗೆ ಸಂದಿಲ್ಲದಂತೆ ಕೂತರೆ ಎರಡೂ ಬೆಸೆದುಕೊಳ್ಳುತ್ತವೆ. ಸಂದಿ ಉಳಿದರೆ ಕಡ್ಡಿ ಒಣಗಿ ಸೌದೆ. ಹೊಸ ಚಾಕು ಕೊಯ್ಯಲಿಲ್ಲ, ಜಗಿಯಿತು. ಎರಡನೇ ಏಟಿಗೆ ಅಲಗು ತಾನಾಗಿಯೇ ಮಡಚಿಕೊಂಡು ನನ್ನ ತೋರುಬೆರಳನ್ನು ಕೊಯ್ದಿತು. ಅಯ್ಯೋ, ಬೆರಳು ಕೊಯ್ಯುವುದರಲ್ಲಿ ಏನು ಚೂಪು ಅಂತೀರಿ!

ಅಕ್ಕ ಸೆರಗು ಹರಿದು ಬೆರಳಿಗೆ ಕಟ್ಟಿದಳು. ‘ಅಲ್ಲ ಕಣೋ, ಗಿಡ ಮಾರೋನು ನೀನು, ನಿನ್ತಾವ್ ಒಂದ್ ಚಾಕು ಇಲ್ವಾ?’ ಅಂದಳು. ಬೆರಳಿಗಿಂತ ಆ ಮಾತು ಹೆಚ್ಚು ಉರಿಯಿತು. ಅವಳ ಕುಡುಗೋಲಿನಲ್ಲೇ ಮೂವತ್ತು ಕಡ್ಡಿ ಕತ್ತರಿಸಿ, ಎಲೆ ತರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆಪಟ್ಟೆಯೊಳಗೆ ಇಟ್ಟುಕೊಂಡೆ. ಹಾಗಿಟ್ಟರೆ ಎರಡು ಮೂರು ದಿನ ತಡೆಯುತ್ತವೆ. ಅಷ್ಟರೊಳಗೆ ಒಂದು ಒಳ್ಳೆಯ ಚಾಕು ಸಿಗಬೇಕು. ಸಿಗದಿದ್ದರೆ ಬೆಲ್ಲದ ಮರ ಅನ್ನುವುದು ಭೂಮಿಯ ಮೇಲೆ ಇನ್ನಿಲ್ಲ.

ಶೇವಿಂಗ್ ಬ್ಲೇಡು ಇಲ್ಲವೇ ಅಂತ ನೀವು ಕೇಳಬಹುದು. ಎಳೆ ಕಡ್ಡಿಗೆ ಸರಿ, ಈ ಬಲಿತ ಕಡ್ಡಿಗೆ ಬ್ಲೇಡು ಬಾಗಿ ಅಲೆಅಲೆಯಾಗಿ ಕೊಯ್ಯುತ್ತದೆ. ಬರುವ ದಾರಿಯಲ್ಲಿ ಪಿರಿಯಾಪಟ್ಟಣದಲ್ಲಿ ಟಾರ್ಪಾಲಿನ ಮೇಲೆ ಚಾಕು ಹರಡಿಕೊಂಡಿದ್ದವನ ಮುಂದೆಯೂ ಕೂತೆ. ಮೀನಿನ ಆಕಾರದ ಹಿಡಿ, ಚಿನ್ನದ ಬಣ್ಣ. ಒಂದನ್ನೆತ್ತಿ ಅಲ್ಲಾಡಿಸಿದೆ, ಗಿಲಕಿಯ ಹಾಗೆ ಗಲಗಲ ಅಂದಿತು. ಉಗುರಿನ ಮೇಲಿಟ್ಟೆ, ಜಾರಿತು. ಏಳು ಚಾಕು ಹಾಗೆ ನೋಡಿದ ಮೇಲೆ ಅವನು, ‘ಯಜಮಾನ್ರೇ, ಎಣ್ಣು ನೋಡಕ್ ಬಂದವ್ರೂ ಇಷ್ಟ್ ನೋಡಲ್ಲ, ಏಳಿ ಮ್ಯಾಕೆ’ ಅಂದ. ಎದ್ದೆ.

ಮಾರನೆಯ ಬೆಳಿಗ್ಗೆ ಹುಣಸೂರು. ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿ. ಮಾಲೀಕರು ನನ್ನ ವಯಸ್ಸಿನವರೇ, ಶಿವಣ್ಣ ಅಂತ ಯಾರೋ ಕೂಗಿದ್ದರಿಂದ ಹೆಸರು ಗೊತ್ತಾಯಿತು. ಚಾಕು ಕೇಳಿದರೆ ರಟ್ಟಿನ ಮೇಲೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿದ ಒಂದು ಪೊಟ್ಟಣ ಮುಂದಿಟ್ಟರು. ‘ಬಿಚ್ಚಿ ತೋರಿಸಿ’ ಅಂದೆ. ‘ಬಿಚ್ಚುದ್ರೆ ತಗೋಬೇಕು ಸಾರ್’ ಅಂದರು. ನೋಡದೆ ಹೇಗೆ ತಗೊಳ್ಳಲಿ? ತಗೊಳ್ಳದೆ ನೋಡುವ ಹಾಗಿಲ್ಲ. ಇದೆಂಥ ನ್ಯಾಯ ಅಂತೀನಿ! ಸರಿ, ತಗೊಂಡೆ ಅಂತಲೇ ಇಟ್ಟುಕೊಳ್ಳಿ, ಬಿಚ್ಚಿ ಅಂದೆ. ಉಗುರಿನಿಂದ ಬರಲಿಲ್ಲ. ಹಲ್ಲಿನಿಂದಲೂ ಬರಲಿಲ್ಲ. ಕೊನೆಗೆ ಶಿವಣ್ಣ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಕೈ ಹಾಕಿ ಒಂದು ಚಾಕು ತೆಗೆದು, ಟಕ್ಕಂತ ಬಿಚ್ಚಿ, ಪ್ಲಾಸ್ಟಿಕ್ಕನ್ನು ಬೆಣ್ಣೆಯ ಹಾಗೆ ಸೀಳಿದರು.

ಒಂದೇ ಸದ್ದು. ನನ್ನ ಕಿವಿ ನೆಟ್ಟಗಾಯಿತು. ಕಪ್ಪು ಕೊಂಬಿನ ಹಿಡಿ. ಅಲಗಿನ ಬುಡದಲ್ಲಿ ಸಾಲಾಗಿ ಮೂರು ಚುಕ್ಕಿ. ನನ್ನದಲ್ಲ, ನನ್ನದರ ಹಿಡಿಯಲ್ಲಿ ಒಂದು ಬಿರುಕಿತ್ತು. ಇದು ಅದರ ಒಡಹುಟ್ಟು. ನನ್ನ ಪಿತ್ತ ನೆತ್ತಿಗೇರಿತು ನೋಡಿ.

‘ಏನ್ರೀ ಇದು!’ ಅಂತ ಕೂಗಿದೆ. ‘ನೀವು ಬಳಸೋಕೆ ತಿಮ್ಮಾಚಾರ್ರ ಚಾಕು, ನಮಗೆ ಮಾರೋಕೆ ಈ ತಗಡು! ನಿಮ್ಮ ಅಂಗಡಿ ಚಾಕು ನಿಮ್ಮ ಅಂಗಡಿ ಪೊಟ್ಟಣನ ಸೀಳಲ್ಲ ಅಂದ್ರೆ ಯಾವ ಮುಖ ಇಟ್ಕೊಂಡು ಮಾರ್ತೀರಿ?’ ಹೊಸ ಚಾಕುವನ್ನು ಎತ್ತಿ ಅಲ್ಲಾಡಿಸಿದೆ, ಅಲುಗಿತು. ಉಗುರಿನ ಮೇಲಿಟ್ಟು ತೋರಿಸಿದೆ, ಜಾರಿತು. ಮೊಳೆ ಕೊಳ್ಳಲು ಬಂದಿದ್ದ ಇಬ್ಬರು ಮೊಳೆ ಮರೆತು ನಿಂತರು.

ಶಿವಣ್ಣ ಒಂಚೂರೂ ಬಿಸಿಯಾಗಲಿಲ್ಲ. ‘ಮೇಲಿಂದ ಬಂದ್ ಮಾಲು ಸಾರ್. ಎಂಗ್ ಬಂತೋ ಅಂಗೇ ಕೊಡ್ತೀವಿ. ನಾವೇನ್ ಮಾಡಾನ ಏಳಿ.’

ಆ ಮಾತು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತು. ಕೋಪದಲ್ಲಿ ಗಮನ ಕೊಡಲಿಲ್ಲ. ಬಾಯಿ ಓಡುತ್ತಲೇ ಇತ್ತು. ‘ನೀವೇನ್ ಮಾಡ್ಬೇಕಾ? ನೋಡಿ ಕೊಡ್ಬೇಕು ಕಣ್ರೀ! ನಾನೂ ವ್ಯಾಪಾರ ಮಾಡೋನೇ. ಕೋಟೆ ರಸ್ತೇಲಿ ನರ್ಸರಿ ಇದೆ. ಒಂದು ಗಿಡ ಆಚೆ ಹೋಗ್ಬೇಕಾದ್ರೆ ಎಷ್ಟು ಪರೀಕ್ಷೆ ಮಾಡ್ತೀನಿ ಗೊತ್ತಾ ನಿಮಗೆ?’

ಶಿವಣ್ಣ ಕನ್ನಡಕ ಮೇಲೆತ್ತಿ ನನ್ನನ್ನು ಸರಿಯಾಗಿ ನೋಡಿದರು. ‘ಅಸ್ರು ಪರದೆ ಕಟ್ಟಿರೋ ನರ್ಸರಿನಾ?’

‘ಹೂಂ, ಅದೇ’ ಅಂದೆ, ಎದೆ ಉಬ್ಬಿಸಿ. ಹೆಸರು ಹುಣಸೂರಿನವರೆಗೂ ಬಂದಿದೆಯಲ್ಲ ಅಂತ ಆ ಕೋಪದಲ್ಲೂ ಒಂದು ಚೂರು ಖುಷಿ.

‘ಅಂಗಾದ್ರೆ ನಿಮ್ತಾವೇ ಕಣ್ರೀ ನಾನು ಬಾದಾಮಿ ಮಾವು ತಗಂಡಿದ್ದು’ ಅಂದರು ಶಿವಣ್ಣ. ‘ಚೀಟಿ ಕಟ್ಟಿದ್ರಿ, ಬಾದಾಮಿ ಅಂತ ದಪ್ಪ ಅಕ್ಸರದಲ್ಲಿ ಬರ್ದಿದ್ರಿ. ಆರ್ ವರ್ಸ ನೀರ್ ಉಯ್ದೆ. ಓದ್ ವರ್ಸ ಕಾಯ್ ಬುಡ್ತು. ಉಳಿ ಅಂದ್ರೆ ಉಳಿ, ವಾಟೆ ತುಂಬ ನಾರು. ಕೋತಿನೂ ಕಚ್ಚಿ ಬಿಸಾಕ್ತು. ನಮ್ಮನೆಯವ್ರು ನಿಮ್ತಾವ್ ಬಂದು ಕೇಳುದ್ರೆ ನೀವ್ ಏನಂದ್ರಿ, ಗ್ಯಾಪ್ಕ ಅದಾ?’

ಜ್ಞಾಪಕವಿತ್ತು. ಆ ಮಾತು ಎಲ್ಲಿ ಕೇಳಿದ್ದು ಅಂತಲೂ ಈಗ ಜ್ಞಾಪಕವಾಯಿತು. ನನ್ನ ಬಾಯಲ್ಲೇ ಕೇಳಿದ್ದು. ‘ಹೊರಗಿನಿಂದ ಬಂದ ಲೋಡು ಕಣಮ್ಮ, ಹೆಂಗ್ ಬಂತೋ ಹಂಗೇ ಕೊಟ್ಟೆ, ನಾನೇನ್ ಮಾಡ್ಲಿ?’ ಅಂತ ಆ ಹೆಂಗಸನ್ನು ಬಿಸಿಲಲ್ಲೇ ನಿಲ್ಲಿಸಿ ಹೇಳಿ ಕಳಿಸಿದ್ದೆ. ಅದು ನಿಜವೂ ಆಗಿತ್ತು. ಆ ವರ್ಷ ಎಲ್ಲರೂ ಬಾದಾಮಿ ಬಾದಾಮಿ ಅಂತ ಬಡಿದಾಡುತ್ತಿದ್ದರು, ನಾನು ಕಟ್ಟಿದ್ದು ಸಾಲಲಿಲ್ಲ. ಯಾವನೋ ಲಾರಿಯಲ್ಲಿ ತಂದ ಗಿಡ ಇಳಿಸಿಕೊಂಡು, ಅವನು ಹೇಳಿದ ಹೆಸರನ್ನು ನಾನೇ ಚೀಟಿಯಲ್ಲಿ ಬರೆದು ಕಟ್ಟಿದ್ದೆ. ಹಸಿರಾಗಿದ್ದವು, ನೆಟ್ಟಗಿದ್ದವು. ನಾನೂ ಹೊಳಪನ್ನೇ ನೋಡಿದ್ದೆ.

ಯೋಚನೆ ಮಾಡಿ. ಸುಳ್ಳು ಚಾಕುವಿನ ಬಣ್ಣ ಎರಡು ಏಟಿಗೆ ಬಯಲಾಗುತ್ತದೆ, ಹೆಚ್ಚೆಂದರೆ ಒಂದು ಬೆರಳು ಹೋಗುತ್ತದೆ. ಸುಳ್ಳು ಗಿಡ ಹಾಗಲ್ಲ. ಆರು ವರ್ಷ ನೀರು ಕುಡಿದು, ಗೊಬ್ಬರ ತಿಂದು, ನೆರಳು ಕೊಟ್ಟು, ಮನೆಯವರಿಗೆಲ್ಲ ಆಸೆ ಹುಟ್ಟಿಸಿ, ಆಮೇಲೆ ಗೊತ್ತಾಗುತ್ತದೆ. ಗಿಡವನ್ನು ಯಾವ ಉಗುರಿನ ಮೇಲಿಟ್ಟು ನೋಡುತ್ತೀರಿ? ಮೊಳೆ ಕೊಳ್ಳಲು ಬಂದವರು ಈಗ ನನ್ನ ಮುಖ ನೋಡುತ್ತಿದ್ದರು. ನಾಚಿಕೆ ಅಂದರೆ ಏನು ಅಂತ ಅವತ್ತು ತಿಳಿಯಿತು.

‘ತಪ್ಪಾಯ್ತು ಶಿವಣ್ಣೋರೇ’ ಅಂದೆ. ಆಮೇಲೆ ಬೇರೇನೂ ತೋಚದೆ ಅಕ್ಕನ ಮರದ ಕಥೆ ಹೇಳಿದೆ. ಬಾಳೆಪಟ್ಟೆಯಲ್ಲಿರುವ ಮೂವತ್ತು ಕಡ್ಡಿ, ಉಳಿದಿರುವ ಒಂದು ದಿನ, ಬಟ್ಟೆ ಸುತ್ತಿದ ಬೆರಳು. ಆ ಚಾಕುವನ್ನು ಮಾರುತ್ತೀರಾ ಅಂತ ಕೇಳಿದೆ. ‘ಅದು ಮಾರಕಲ್ಲ’ ಅಂದರು. ಹೊರಟೆ.

‘ನಿಂತ್ಕಳಿ’ ಅಂದರು ಶಿವಣ್ಣ. ಚಾಕುವನ್ನು ಮಡಚಿ, ಕೈಗೆ ಕೊಡದೆ ಗಲ್ಲಾದ ಮೇಲಿಟ್ಟರು. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಅಂತ. ಆಗಬೇಕಾದ ಜಗಳ ಆಗಲೇ ಆಗಿಹೋಗಿತ್ತು, ಆದರೂ ಪದ್ಧತಿ ಬಿಡಲಿಲ್ಲ ಅವರು. ‘ಕಟ್ಕಂಡ್ ತಂದ್ಕೊಡಿ. ಬಂದಿದ್ರಲ್ಲಿ ಒಂದ್ ಗಿಡ ನಮಗೂ ಕೊಡಿ. ಚೀಟಿ ಮಾತ್ರ ಕಟ್ಬ್ಯಾಡಿ.’

ಅವತ್ತು ಸಂಜೆಯೊಳಗೆ ಮೂವತ್ತೂ ಕಟ್ಟಿದೆ. ಒಂದು ಕಡೆಗೆ ಒಂದೇ ಏಟು. ಆಚಾರ್ರು ಪಕ್ಕದಲ್ಲಿ ಅಡಿಕೆ ಅಗಿಯುತ್ತಾ ಕೂತಿದ್ದಾರೇನೋ ಅನ್ನುವ ಹಾಗೆ ಕೈ ನಡೆಯಿತು. ಮಾರನೆಯ ದಿನ ಚಾಕುವನ್ನು ಒರೆಸಿ ಕೊಂಡೊಯ್ದು ಗಲ್ಲಾದ ಮೇಲಿಟ್ಟೆ. ಶಿವಣ್ಣ ಅದನ್ನೆತ್ತಿ, ಅಲ್ಲಾಡಿಸಿ, ಉಗುರಿನ ಮೇಲಿಟ್ಟು ನೋಡಿ, ಆಮೇಲೇ ಒಳಗಿಟ್ಟರು. ನನ್ನ ಕಣ್ಣೆದುರಿಗೇ! ಕೋಪ ಮಾಡಿಕೊಳ್ಳಲು ಹೋದೆ, ಬರಲಿಲ್ಲ.

ಮೂವತ್ತರಲ್ಲಿ ಹನ್ನೊಂದು ಚಿಗುರಿದವು. ಬಿದ್ದ ಮರದ ಕಡ್ಡಿಗೆ ಅದು ಕಡಿಮೆಯೇನಲ್ಲ. ಚಿಗುರಿದ ಕೂಡಲೇ ಅಕ್ಕ ಬೇಕು ಬೇಕು ಅಂತ ಹಟ ಹಿಡಿದಳು, ನಾನು ಕೊಡಲಿಲ್ಲ. ಎರಡನೇ ಸಲ ಚಿಗುರಿ, ಆ ಎಲೆ ಬಲಿಯುವ ತನಕ ನನ್ನ ಕಣ್ಣ ಮುಂದೆಯೇ ಇರಲಿ ಅಂದೆ. ‘ಏನೋ ಇವ್ನು, ಮಗಳ್ನ ಬಾಣಂತನಕ್ ಇಟ್ಕಂಡಂಗ್ ಇಟ್ಕಂಡವ್ನೆ’ ಅಂತ ಅಕ್ಕ ಊರಿಗೆಲ್ಲ ಹೇಳಿದಳಂತೆ. ಕೊನೆಗೆ ಒಂದು ಗಿಡ ಕೊಟ್ಟಾಗ ಹಳೆಯ ಮರ ಎದ್ದುಹೋದ ಗುಣಿಯಲ್ಲೇ ಅವಳು ಅದನ್ನು ನೆಟ್ಟಳು. ಮಣ್ಣು ತಾನೇ ಮುಚ್ಚಿದಳು, ನನಗೆ ಮುಟ್ಟಲು ಬಿಡಲಿಲ್ಲ. ಇನ್ನೊಂದು ಗಿಡವನ್ನು ಚೀಟಿಯಿಲ್ಲದೆ ಹುಣಸೂರಿಗೆ ಕೊಂಡೊಯ್ದೆ. ಶಿವಣ್ಣ ಅದನ್ನು ನನ್ನ ಹುಳಿ ಮಾವಿನ ಪಕ್ಕದಲ್ಲಿ ನೆಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ನೋಡಲಿ ಅಂತಲೇ ಇರಬೇಕು.

ನರ್ಸರಿಯಲ್ಲಿ ನನ್ನ ಕೈಯಾರೆ ಕಟ್ಟದ ಗಿಡದ ಚೀಟಿಗಳನ್ನೆಲ್ಲ ಕಿತ್ತುಹಾಕಿದೆ. ‘ಯಾವ್ ಜಾತಿ ಇದು?’ ಅಂದರೆ ‘ನನಗೆ ಗೊತ್ತಿಲ್ಲ’ ಅನ್ನುತ್ತೇನೆ. ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮುಂದಿನ ನರ್ಸರಿಗೆ ಹೋಗುತ್ತಾರೆ. ಹೆಂಡತಿ ಹಣೆ ಚಚ್ಚಿಕೊಳ್ಳುತ್ತಾಳೆ.

ಚಾಕು ಮಾತ್ರ ನನಗೆ ಇವತ್ತಿಗೂ ಸಿಕ್ಕಿಲ್ಲ. ಕಸಿ ಕಟ್ಟುವ ಕಾಲ ಬಂದರೆ ಹುಣಸೂರಿಗೆ ಹೋಗುತ್ತೇನೆ. ಶಿವಣ್ಣ ಗಲ್ಲಾದ ಮೇಲೆ ಇಡುತ್ತಾರೆ, ನಾನು ಎತ್ತಿಕೊಳ್ಳುತ್ತೇನೆ. ಅಂಗಡಿಯಲ್ಲಿ ಆ ತಗಡು ಚಾಕುಗಳು ಸಾಲಾಗಿ ಈಗಲೂ ನೇತಾಡುತ್ತವೆ. ಅವುಗಳನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಏಳುತ್ತದೆ, ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಶಿವಣ್ಣ ‘ಗಿಡ ಸೊಂಟದ್ಗಂಟ ಬಂದದೆ’ ಅನ್ನುತ್ತಾರೆ. ಬಾಯಿ ಮುಚ್ಚುತ್ತೇನೆ. ಇನ್ನು ಮೂರು ನಾಲ್ಕು ವರ್ಷಕ್ಕೆ ಅದು ಕಾಯಿ ಬಿಡಬಹುದು. ಮೊದಲ ಹಣ್ಣನ್ನು ಶಿವಣ್ಣನ ಹೆಂಡತಿ ಕೊಯ್ದು, ತಿಂದು, ಸಿಹಿ ಅನ್ನಬೇಕು. ಅವತ್ತು ಆ ಅಂಗಡಿ ಮುಂದೆ ನಿಂತು ಬೈಯಲು ಶುರು ಮಾಡುತ್ತೇನೆ ನೋಡಿ, ಇಡೀ ಹುಣಸೂರಿಗೆ ಕೇಳಿಸಬೇಕು.